ಬಟ್ಟೆ ಹೊದಿಸುವ ಮುಂಚಿನ ವಿಮಾನ: ‘ಸ್ಪಿರಿಟ್ ಆಫ್ ಸೇಂಟ್ ಲೂಯಿಸ್’ ನಿರ್ಮಾಣದ ಚಿತ್ರಗಳನ್ನು ಓದುವುದು ಹೇಗೆ

ವಾಷಿಂಗ್ಟನ್ನಿನ ರಾಷ್ಟ್ರೀಯ ವಾಯು ಮತ್ತು ಬಾಹ್ಯಾಕಾಶ ಮ್ಯೂಸಿಯಮ್ಮಿಗೆ ಹೋಗಿ ‘ಸ್ಪಿರಿಟ್ ಆಫ್ ಸೇಂಟ್ ಲೂಯಿಸ್’ ನೋಡಿ ಬಂದವರು ನಿಜಕ್ಕೂ ನೋಡಿರುವುದು ಅದರ ಹೊದಿಕೆಯನ್ನು. ಬೆಳ್ಳಿ ಬಣ್ಣ ಬಳಿದ ಹತ್ತಿ ಬಟ್ಟೆ, ಮೂತಿಗೆ ಅಲ್ಯೂಮಿನಿಯಂ ತಗಡು, ಕಪ್ಪು ಅಕ್ಷರದಲ್ಲಿ ಎನ್-ಎಕ್ಸ್-211 ಎಂಬ ನೋಂದಣಿ ಸಂಖ್ಯೆ. 1927ರ ಮೇ 20ರ ಬೆಳಿಗ್ಗೆ ನ್ಯೂಯಾರ್ಕ್ ಬಿಟ್ಟು, ಮರುದಿನ ರಾತ್ರಿ ಪ್ಯಾರಿಸ್ಸಿನಲ್ಲಿ ಇಳಿಯುವವರೆಗೆ 33 ಗಂಟೆ 30 ನಿಮಿಷ, ಒಬ್ಬರೇ ಎಲ್ಲೂ ನಿಲ್ಲದೆ ಅಟ್ಲಾಂಟಿಕ್ ದಾಟಿದ ಚಾಲಕ ಚಾರ್ಲ್ಸ್ ಲಿಂಡ್‌ಬರ್ಗ್ ಅವರನ್ನು ಗಾಳಿಯಲ್ಲಿ ಹೊತ್ತದ್ದು ಆ ಬಟ್ಟೆಯ ಒಳಗಿರುವ ಉಕ್ಕು, ಮರ ಮತ್ತು ಐದು ಪೆಟ್ರೋಲ್ ಟ್ಯಾಂಕುಗಳು. ಅವು ಕಣ್ಣಿಗೆ ಬೀಳುವುದಿಲ್ಲ. ಮೂಲ ಬಟ್ಟೆಯನ್ನು ಹರಿದು ನೋಡಲು ಯಾವ ಮ್ಯೂಸಿಯಂ ತಾನೇ ಒಪ್ಪೀತು?

ಹಾಗಾಗಿ ಒಳಗನ್ನು ತಿಳಿಯಬೇಕಾದರೆ ಬಟ್ಟೆ ಹೊದಿಸುವ ಮುಂಚೆ ತೆಗೆದ ಚಿತ್ರಗಳೇ ಗತಿ. ಅಂಥ ಚಿತ್ರಗಳನ್ನು ತೆಗೆದವರಲ್ಲಿ ಮುಖ್ಯರಾದವರು ವಿಮಾನದ ವಿನ್ಯಾಸಕಾರರೇ ಆದ ಡೊನಾಲ್ಡ್ ಹಾಲ್. ಸ್ಯಾನ್ ಡಿಯಾಗೋದ ರಾಯನ್ ಏರ್‌ಲೈನ್ಸ್ ಕಂಪನಿಯ ಮುಖ್ಯ ಎಂಜಿನಿಯರ್. 1898ರಲ್ಲಿ ಹುಟ್ಟಿದವರು, ಆಗ ಅವರಿಗೆ 28 ವರ್ಷ. ಅವರ ಚಿತ್ರಗಳು ದಶಕಗಳ ಕಾಲ ಕುಟುಂಬದ ಹಳೆಯ ಟ್ರಂಕಿನಲ್ಲಿದ್ದು, ಬಹಳ ತಡವಾಗಿ ಹೊರಬಂದವು. ಪತ್ರಿಕೆಯ ಛಾಯಾಗ್ರಾಹಕನಿಗೆ ಬೇಕಾದದ್ದು ಲಿಂಡ್‌ಬರ್ಗ್ ಮುಖ. ಎಂಜಿನಿಯರಿಗೆ ಬೇಕಾದದ್ದು ಕೊಳವೆಗಳು ಕೂಡುವ ಜಾಗ, ಟ್ಯಾಂಕು ಕೂತ ರೀತಿ, ರೆಕ್ಕೆಗೆ ಆನಿಕೆಯಾದ ಸ್ಟ್ರಟ್ಟಿನ ಬುಡ. ಇವತ್ತು ಈ ವಿಮಾನದ ಪ್ರತಿಕೃತಿ ಕಟ್ಟಲು ಹೊರಟವರಿಗೆ ನಿರ್ಮಾಣ ಕಾಲದ ಒಂದು ಮಂಕು ಚಿತ್ರ, ಪ್ಯಾರಿಸ್ಸಿನ ಜನಜಂಗುಳಿಯ ನೂರು ಚಿತ್ರಗಳಿಗಿಂತ ಹೆಚ್ಚು.

ಚಿತ್ರಗಳ ಜೊತೆ ಇಟ್ಟುಕೊಂಡು ಓದಬೇಕಾದ ಇನ್ನೊಂದು ದಾಖಲೆ ಇದೆ. ನಾಸಾಗೆ ಮೊದಲು ಅಮೆರಿಕದಲ್ಲಿದ್ದ ವಾಯುಯಾನ ಸಲಹಾ ಸಮಿತಿ ನಾಕಾ, 1927ರ ಜುಲೈನಲ್ಲಿ ಹಾಲ್ ಬರೆದ ತಾಂತ್ರಿಕ ಟಿಪ್ಪಣಿಯನ್ನು 257ನೇ ಸಂಖ್ಯೆಯಾಗಿ ಪ್ರಕಟಿಸಿತು. ತೂಕ, ಅಳತೆ, ಲೆಕ್ಕ ಹಾಕಿದ ವೇಗ, ನಿಜಕ್ಕೂ ಸಿಕ್ಕ ವೇಗ ಎಲ್ಲವೂ ಅದರಲ್ಲಿವೆ. ಟಿಪ್ಪಣಿ ಸಂಖ್ಯೆ ಕೊಡುತ್ತದೆ, ಚಿತ್ರ ಜಾಗ ತೋರಿಸುತ್ತದೆ.

ಎಲ್ಲಕ್ಕೂ ಮೊದಲು ಪೆಟ್ರೋಲು

ಚಿತ್ರಗಳಲ್ಲಿ ಕಾಣುವ ವಿಚಿತ್ರಗಳಿಗೆಲ್ಲ ಒಂದೇ ಮೂಲ: ಎಷ್ಟು ಪೆಟ್ರೋಲು ಹೊರಬೇಕು ಎಂಬ ಲೆಕ್ಕ. ಇದು ಮನಸ್ಸಿನಲ್ಲಿದ್ದರೆ ಉಳಿದದ್ದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಲಿಂಡ್‌ಬರ್ಗ್ ಸ್ಯಾನ್ ಡಿಯಾಗೋಗೆ ಬಂದದ್ದು 1927ರ ಫೆಬ್ರವರಿ 23ರಂದು. ನ್ಯೂಯಾರ್ಕ್–ಪ್ಯಾರಿಸ್ ದೂರ ಎಷ್ಟು ಎಂದು ಹಾಲ್ ಕೇಳಿದರು. ಇಬ್ಬರೂ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಭೂಗೋಳದ ಮೇಲೆ ದಾರ ಹಿಡಿದು ಅಳೆದರು: ಸುಮಾರು 3,600 ಮೈಲಿ. ಗಾಳಿ ಎದುರಾದರೆ, ದಾರಿ ತಪ್ಪಿದರೆ ಎಂದು 400 ಮೈಲಿ ಸೇರಿಸಿ, ಹಾಲ್ ಒಂದು ಲಕೋಟೆಯ ಹಿಂಬದಿಯಲ್ಲಿ ಲೆಕ್ಕ ಹಾಕಿ 400 ಗ್ಯಾಲನ್ ಬೇಕೆಂದರು. ವಿನ್ಯಾಸ ಮುಂದುವರಿದ ಹಾಗೆ ಅದು 425 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 1,610 ಲೀಟರ್ ಆಯಿತು.

ಹಾರುವವರು ಒಬ್ಬರೇ ಎಂದು ಕೇಳಿ ಹಾಲ್ ಮೊದಲು ಬೆರಗಾದರು, ಆಮೇಲೆ ಖುಷಿಪಟ್ಟರು. ಜೊತೆಗಾರ, ಅವನ ಸೀಟು, ಅವನ ಸಾಮಾನು ಎಲ್ಲ ಬಿಟ್ಟರೆ ಸುಮಾರು 350 ಪೌಂಡ್ ಉಳಿಯುತ್ತದೆ, ಅದೇ ಜಾಗಕ್ಕೆ 50 ಗ್ಯಾಲನ್ನಿನಷ್ಟು ಪೆಟ್ರೋಲು ಬರುತ್ತದೆ. ರೇಡಿಯೊ, ಪ್ಯಾರಾಶೂಟು, ರಾತ್ರಿ ದೀಪ ಬಿಟ್ಟದ್ದಕ್ಕೂ ಇದೇ ಕಾರಣ.

ಎಂಜಿನ್ ಸೇರಿ ಬೆಲೆ 10,580 ಡಾಲರ್, ಗಡುವು 60 ದಿನ. ಹಾಲ್ ಮೊದಲು ಯೋಚಿಸಿದ್ದು ಕಂಪನಿಯ ಎಂ-2 ಎಂಬ ಅಂಚೆ ವಿಮಾನವನ್ನೇ ತಿದ್ದಿ ಕೊಡೋಣವೆಂದು. ತೂಕದ ಲೆಕ್ಕ ಮುಗಿಯುವ ಹೊತ್ತಿಗೆ ಅದರಲ್ಲಿ ಉಳಿದದ್ದು ಬಾಲ ಮತ್ತು ಕೆಲವು ಜೋಡಣೆಗಳು ಮಾತ್ರ. ಉಳಿದದ್ದೆಲ್ಲ ಹೊಸತು. ವಿನ್ಯಾಸಕ್ಕೆ ಸುಮಾರು 850 ಗಂಟೆ, ಕಾರ್ಖಾನೆಯ ಕೆಲಸಕ್ಕೆ ಸುಮಾರು 3,000 ಗಂಟೆ ಹಿಡಿಯಿತು. ಅವಸರದಲ್ಲಿ ಎಷ್ಟೋ ಭಾಗಗಳು ಕೈಯಲ್ಲಿ ಗೀಚಿದ ಚಿತ್ರದ ಮೇಲೇ ತಯಾರಾದವು. ಪೂರ್ತಿ ನಕ್ಷೆ ಇಲ್ಲದ ಕಡೆ ಫೋಟೋವೇ ನಕ್ಷೆಯ ಕೆಲಸ ಮಾಡಬೇಕು.

ಕೊಳವೆಗಳ ಗೂಡು

ಒಡಲಿನ ಬೆತ್ತಲೆ ಚೌಕಟ್ಟಿನ ಚಿತ್ರದಿಂದ ಶುರು ಮಾಡೋಣ. ಉಕ್ಕಿನ ಕೊಳವೆಗಳನ್ನು ಗ್ಯಾಸ್ ವೆಲ್ಡಿಂಗ್ ಮಾಡಿ ಕೂಡಿಸಿದ ಉದ್ದನೆಯ ಪೆಟ್ಟಿಗೆ ಇದು. ನಾಲ್ಕು ಮೂಲೆಗೆ ನಾಲ್ಕು ಉದ್ದ ಕೊಳವೆ, ನಡುನಡುವೆ ಅಡ್ಡಕೊಳವೆ, ಅವುಗಳ ನಡುವೆ ಓರೆಕೊಳವೆ. ಓರೆಕೊಳವೆಗಳಿಂದ ಪ್ರತಿ ಚೌಕವೂ ಎರಡು ತ್ರಿಕೋನವಾಗುತ್ತದೆ, ತ್ರಿಕೋನ ನುಲಿಯುವುದಿಲ್ಲ. ಚಿತ್ರದಲ್ಲಿ ಓರೆಕೊಳವೆ ಇಲ್ಲದ ಚೌಕ ಕಂಡರೆ ಅಲ್ಲಿ ಬಾಗಿಲೋ ಕಿಟಕಿಯೋ ಟ್ಯಾಂಕು ಒಳಸೇರಿಸುವ ದಾರಿಯೋ ಇದೆಯೆಂದು ತಿಳಿಯಬೇಕು. ಆ ಜಾಗದ ಬಲವನ್ನು ಬೇರೆ ಕೊಳವೆ ಹೊರುತ್ತಿರುತ್ತದೆ.

ಇಂಥ ಚೌಕಟ್ಟು ಕೆಡುವುದು ವೆಲ್ಡಿಂಗಿನ ಹೊತ್ತಿನಲ್ಲಿ. ಒಂದೇ ಬದಿಯ ಕೂಡುಗಳನ್ನು ಒಂದಾದ ಮೇಲೊಂದು ಪೂರ್ತಿ ಬೆಸೆದುಬಿಟ್ಟರೆ ಕಾದ ಲೋಹ ಆರುವಾಗ ಸೆಳೆದು ಇಡೀ ಒಡಲು ಬಾಳೆಕಾಯಿಯಂತೆ ಬಾಗುತ್ತದೆ. ಅದಕ್ಕೇ ಜಿಗ್ಗಿನಲ್ಲಿ (ಭಾಗಗಳನ್ನು ಅಲುಗದಂತೆ ಹಿಡಿಯುವ ಅಚ್ಚಿನಲ್ಲಿ) ಬಿಗಿದು, ಎಲ್ಲ ಕೂಡುಗಳಿಗೂ ಮೊದಲು ಚುಕ್ಕಿ ಬೆಸುಗೆ ಹಾಕಿ, ನಂತರ ಎಡಕ್ಕೊಂದು ಬಲಕ್ಕೊಂದು ಎಂದು ಬದಲಾಯಿಸುತ್ತ ಪೂರ್ತಿ ಮಾಡುವುದು ಕ್ರಮ. ಕೊಳವೆಯ ತುದಿಯನ್ನು ಎದುರಿನ ಕೊಳವೆಯ ದುಂಡಿಗೆ ಸರಿಹೊಂದುವಂತೆ ಅರದಿಂದ ಉಜ್ಜಿರಬೇಕು. ಸಂದಿ ಬಿಟ್ಟು ಅದನ್ನು ಬೆಸುಗೆಯ ಲೋಹದಿಂದಲೇ ತುಂಬಿದರೆ ಕಂಪನಕ್ಕೆ ಮೊದಲು ಬಿರಿಯುವುದು ಅಲ್ಲೇ. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಬೆಸುಗೆಯ ಸಾಲು ಸಮನಾಗಿದೆಯೋ ಗಂಟುಗಂಟಾಗಿದೆಯೋ ಎಂಬುದು ಕಾಣುತ್ತದೆ. ಬಟ್ಟೆ ಹೊದ್ದ ಮೇಲೆ ಅದನ್ನು ಯಾರೂ ಪರೀಕ್ಷಿಸಲಾಗದು.

ಎಂ-2 ಚೌಕಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಮೂರು. ಒಡಲು 2 ಅಡಿ ಉದ್ದವಾಗಿದೆ. ಎಂಜಿನ್ ಮುಂದಕ್ಕೆ ಹೋಗಿದೆ. ಚಾಲಕ ಹಿಂದಕ್ಕೆ ಹೋಗಿದ್ದಾನೆ. ಮೂರಕ್ಕೂ ಕಾರಣ ಮುಖ್ಯ ಟ್ಯಾಂಕು.

ತೂಕದ ಹಂಚಿಕೆ ನೋಡಿ. ಖಾಲಿ ವಿಮಾನ 2,150 ಪೌಂಡ್, ಅಂದರೆ 975 ಕಿಲೋ. ಪೂರ್ತಿ ತುಂಬಿದಾಗಿನ ವಿನ್ಯಾಸದ ತೂಕ 5,135 ಪೌಂಡ್. ಹೊರೆಯೇ ಒಟ್ಟು ತೂಕದ ಶೇ 58ರಷ್ಟು, ಅದರಲ್ಲಿ ಬಹುಪಾಲು ಪೆಟ್ರೋಲು. ಹಾರುತ್ತ ಹಾರುತ್ತ ಇದು ಕರಗಿ ಹೋಗುತ್ತದೆ. ಒಂದು ಟನ್ನಿಗೂ ಹೆಚ್ಚಿನ ದ್ರವವನ್ನು ಮೂತಿಯಲ್ಲೋ ಬಾಲದಲ್ಲೋ ಇಟ್ಟರೆ ಅದು ಖಾಲಿಯಾದಂತೆ ಗುರುತ್ವ ಕೇಂದ್ರ ಜಾರುತ್ತದೆ, ಒಂದು ಹಂತದ ನಂತರ ವಿಮಾನ ಹಿಡಿತಕ್ಕೆ ಸಿಗುವುದಿಲ್ಲ. ಆದ್ದರಿಂದ ದೊಡ್ಡ ಟ್ಯಾಂಕು ರೆಕ್ಕೆಯ ಕೆಳಗೆ, ಗುರುತ್ವ ಕೇಂದ್ರದ ಜಾಗದಲ್ಲೇ ಇರಬೇಕು. ಆ ಜಾಗದಲ್ಲಿ ಸಾಮಾನ್ಯವಾಗಿ ಕೂರುವವನು ಚಾಲಕ.

ಚಾಲಕನನ್ನು ಟ್ಯಾಂಕಿನ ಮುಂದೆ, ಎಂಜಿನ್ನಿಗೆ ತಾಗಿದಂತೆ ಕೂರಿಸಬಹುದಿತ್ತು. ಲಿಂಡ್‌ಬರ್ಗ್ ಒಪ್ಪಲಿಲ್ಲ. ವಿಮಾನ ನೆಲಕ್ಕೆ ಬಡಿದರೆ ಎಂಜಿನ್ನಿಗೂ ಟ್ಯಾಂಕಿಗೂ ನಡುವೆ ಸಿಕ್ಕವನು ಜಜ್ಜಿ ಹೋಗುತ್ತಾನೆ. ಅವರಿಗೆ ಟ್ಯಾಂಕಿನ ಹಿಂದೆ ಕೂರುವುದೇ ಬೇಕಿತ್ತು, ಎದುರಿನ ನೋಟ ಪೂರ್ತಿ ಹೋದರೂ ಸರಿ. ಚಾಲಕ ಹಿಂದೆ ಸರಿದ ತೂಕವನ್ನು ಸರಿದೂಗಿಸಲು ಎಂಜಿನ್ ಮುಂದೆ ಹೋಯಿತು.

ಕಾಕ್‌ಪಿಟ್ ಅಗಲ 94 ಸೆಂಟಿಮೀಟರ್, ಉದ್ದ 81, ಎತ್ತರ 130. ಅದರೊಳಗೆ ಬೆತ್ತದ ಕುರ್ಚಿ. ಎದುರಿಗೆ ಗಾಜಿಲ್ಲ, ಉಪಕರಣದ ಹಲಗೆ, ಅದರಾಚೆ ಟ್ಯಾಂಕು. ಮುಂದಿರುವುದನ್ನು ನೋಡಲು ಎಡಪಕ್ಕಕ್ಕೆ ಹೊರಚಾಚುವ ಪೆರಿಸ್ಕೋಪು ಇದೆ, ಎರಡು ಚಪ್ಪಟೆ ಕನ್ನಡಿಗಳ ಸರಳ ಸಾಧನ. ಅದನ್ನು ಮಾಡಿಕೊಟ್ಟದ್ದು ಹಿಂದೆ ಜಲಾಂತರ್ಗಾಮಿಯಲ್ಲಿ ದುಡಿದಿದ್ದ ಕಾರ್ಖಾನೆಯ ಒಬ್ಬ ಕೆಲಸಗಾರ. ತಗ್ಗಿನಲ್ಲಿ ಹಾರುವಾಗ ಗುಡ್ಡ, ಚಿಮಣಿ ತಪ್ಪಿಸಲು ಅಷ್ಟು ಸಾಕು. ಇಳಿಯುವಾಗ ವಿಮಾನವನ್ನು ಓರೆ ಮಾಡಿ ಪಕ್ಕದ ಕಿಟಕಿಯಿಂದಲೇ ನೋಡಬೇಕು.

ಟ್ಯಾಂಕುಗಳು

ಐದು ಟ್ಯಾಂಕು: ರೆಕ್ಕೆಯಲ್ಲಿ ಮೂರು, ಒಡಲಿನಲ್ಲಿ ಮುಖ್ಯದ್ದು ಒಂದು, ಅದರ ಮುಂದೆ ಮೂತಿಯದು ಒಂದು. ಮೂತಿಯ ಟ್ಯಾಂಕಿಗೂ ಎಂಜಿನ್ನಿಗೂ ನಡುವೆ 25 ಗ್ಯಾಲನ್ನಿನ ಎಣ್ಣೆಯ ಟ್ಯಾಂಕು ಇದೆ, ಬೆಂಕಿ ತಡೆಯುವ ಗೋಡೆಯ ಕೆಲಸವೂ ಅದರದೇ. ಟ್ಯಾಂಕುಗಳೆಲ್ಲ ಸೀಸ-ತವರದ ಲೇಪವಿರುವ ಉಕ್ಕಿನ ತಗಡಿನವು. ಈ ತಗಡು ಮೆತ್ತಗಿರುತ್ತದೆ, ಬೇಕಾದ ಹಾಗೆ ಮಡಿಸಬಹುದು, ಸೋಲ್ಡರ್ ಚೆನ್ನಾಗಿ ಹಿಡಿಯುತ್ತದೆ. ಅಲ್ಯೂಮಿನಿಯಂ ಹಗುರ, ನಿಜ. ಆದರೆ ಆ ಕಾಲದಲ್ಲಿ ಅದರ ಬೆಸುಗೆ ಸೋರದೆ 33 ಗಂಟೆಯ ನಡುಕ ತಡೆದೀತು ಎಂದು ನೆಚ್ಚುವುದು ಕಷ್ಟ. ತಗಡಿನ ಕೆಲಸ ಮಾಡಿದವರಲ್ಲಿ ಫ್ರೆಡ್ ರೋರ್ ಇದ್ದರು. ಮುಂದೆ ತಮ್ಮ ಹೆಸರಿನಲ್ಲೇ ವಿಮಾನ ಬಿಡಿಭಾಗಗಳ ದೊಡ್ಡ ಕಂಪನಿ ಕಟ್ಟಿದವರು ಇವರೇ.

ಇಲ್ಲೊಂದು ಎಡವಟ್ಟೂ ಆಯಿತು. ತಯಾರಾದ ಟ್ಯಾಂಕುಗಳು ಲೆಕ್ಕಕ್ಕಿಂತ ಸ್ವಲ್ಪ ದೊಡ್ಡದಾಗಿ ಬಂದವು. ಐದೂ ಸೇರಿ 425ರ ಬದಲು 450 ಗ್ಯಾಲನ್, ಸುಮಾರು 1,700 ಲೀಟರ್. ತುಂಬಿದರೆ ಹೆಚ್ಚುವರಿ 150 ಪೌಂಡ್ ತೂಕ. ಬೇರೆ ವಿಮಾನದಲ್ಲಾಗಿದ್ದರೆ ಇದು ತಲೆನೋವು. ಇಲ್ಲಿ ಲಿಂಡ್‌ಬರ್ಗ್ ಬಿಟ್ಟುಕೊಡಲಿಲ್ಲ, ನ್ಯೂಯಾರ್ಕಿನಲ್ಲಿ 450 ಗ್ಯಾಲನ್ನೂ ತುಂಬಿಸಿಯೇ ಹೊರಟರು. ಆ ಬೆಳಿಗ್ಗೆ ಒಟ್ಟು ತೂಕ ಸುಮಾರು 5,250 ಪೌಂಡ್, 2,380 ಕಿಲೋ.

ಟ್ಯಾಂಕುಗಳಿಂದ ಎಂಜಿನ್ನಿಗೆ ಹೋಗುವ ತಾಮ್ರದ ಕೊಳವೆಗಳನ್ನು ಚಿತ್ರದಲ್ಲಿ ಗಮನಿಸಿ ನೋಡಬೇಕು. ಅಲ್ಲಲ್ಲಿ ತಾಮ್ರವನ್ನು ಕತ್ತರಿಸಿ, ನಡುವೆ ರಬ್ಬರ್ ಕೊಳವೆಯ ತುಂಡು ಹಾಕಿ, ಕ್ಲಿಪ್ಪು ಬಿಗಿದಿದ್ದಾರೆ. ನೋಡಿದವರಿಗೆ ರಿಪೇರಿ ಮಾಡಿದಂತೆ ಕಂಡೀತು, ಆದರೆ ಬೇಕೆಂದೇ ಮಾಡಿದ್ದು. ಉದ್ದನೆಯ ತಾಮ್ರದ ಕೊಳವೆ ಎಂಜಿನ್ನಿನ ಅದುರಿಗೆ ಗಂಟೆಗಟ್ಟಲೆ ನಡುಗಿದರೆ ಲೋಹ ಗಡುಸಾಗುತ್ತದೆ, ಗಡುಸಾದ ತಾಮ್ರ ಕಟ್ಟಿದ ಜಾಗದಲ್ಲೇ ಸೀಳುತ್ತದೆ. ನಡುವಿನ ರಬ್ಬರು ಅದುರನ್ನು ಮುಂದಿನ ತುಂಡಿಗೆ ದಾಟಲು ಬಿಡುವುದಿಲ್ಲ. ಅಂದು ಅಟ್ಲಾಂಟಿಕ್ ದಾಟಲು ಸಿದ್ಧತೆ ನಡೆಸಿದ್ದ ಇತರರಲ್ಲಿ ಕೆಲವರು ಮೂರು ಎಂಜಿನ್ನಿನ ದೊಡ್ಡ ವಿಮಾನಗಳನ್ನು ನಂಬಿಕೊಂಡಿದ್ದರು. ನನ್ನ ಮಟ್ಟಿಗೆ ಈ ವಿಮಾನದ ಜಾಣತನ ಒಂಟಿ ಎಂಜಿನ್ನಿನ ಆಯ್ಕೆಯಲ್ಲಿ ಎಷ್ಟಿದೆಯೋ ಈ ರಬ್ಬರ್ ತುಂಡುಗಳಲ್ಲೂ ಅಷ್ಟೇ ಇದೆ.

ಪೆಟ್ರೋಲು ಎಷ್ಟು ಉಳಿದಿದೆ ಎಂದು ತೋರಿಸುವ ಗೇಜು ಇರಲಿಲ್ಲ. ಯಾವ ಟ್ಯಾಂಕಿನಿಂದ ಎಷ್ಟು ಗಂಟೆ ಉರಿಸಿದೆ ಎಂಬ ಲೆಕ್ಕವನ್ನು ಲಿಂಡ್‌ಬರ್ಗ್ ಉಪಕರಣದ ಹಲಗೆಯ ಮೇಲೆ ಪೆನ್ಸಿಲ್ ಗೀಟು ಎಳೆದು ಇಟ್ಟುಕೊಂಡರು. ಆ ಗೀಟುಗಳು ಈಗಲೂ ಹಲಗೆಯ ಮೇಲಿವೆ. ಕಾರ್ಖಾನೆಯ ಚಿತ್ರದಲ್ಲಿ ಆ ಹಲಗೆ ಖಾಲಿ.

ರೆಕ್ಕೆ

ನಿರ್ಮಾಣದ ಚಿತ್ರಗಳಲ್ಲಿ ಕಣ್ಣಿಗೆ ಹಬ್ಬವೆಂದರೆ ರೆಕ್ಕೆಯದೇ. 46 ಅಡಿ, 14 ಮೀಟರ್ ಉದ್ದದ ಒಂದೇ ತುಂಡು. ಎಂ-2 ರೆಕ್ಕೆ 36 ಅಡಿ. ಈ 10 ಅಡಿ ಸೇರಿಸಿದ್ದು ಎರಡು ಕಾರಣಕ್ಕೆ. ಒಂದು, ತುಂಬಿದ ವಿಮಾನ ನೆಲ ಬಿಡಲು ಹೆಚ್ಚು ವಿಸ್ತೀರ್ಣ ಬೇಕು: ಇಲ್ಲಿ 319 ಚದರ ಅಡಿ ಇದೆ, ಹಾಗಿದ್ದೂ ಪ್ರತಿ ಚದರ ಅಡಿಯ ಮೇಲೆ 16 ಪೌಂಡಿಗೂ ಮಿಕ್ಕ ಹೊರೆ. ಎರಡು, ರೆಕ್ಕೆಯ ತುದಿಯಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಸುರುಳಿ ಸುತ್ತುವುದರಿಂದ ಆಗುವ ಎಳೆತ. ಅಗಲ ಅಷ್ಟೇ ಇಟ್ಟು ಉದ್ದ ಹೆಚ್ಚಿಸಿದರೆ ಈ ಎಳೆತ ಕಡಿಮೆಯಾಗುತ್ತದೆ. ಭಾರವಾದ ವಿಮಾನ ನಿಧಾನವಾಗಿ ಹಾರುವಾಗ ಅದರ ಲಾಭ ಇನ್ನೂ ಹೆಚ್ಚು. 223 ಅಶ್ವಶಕ್ತಿಯ ಎಂಜಿನ್, ಪ್ರತಿ ಅಶ್ವಶಕ್ತಿಗೆ 23 ಪೌಂಡ್ ಹೊರೆ. ಇಷ್ಟು ಬಿಗಿಯಾದ ಲೆಕ್ಕದಲ್ಲಿ ಎಳೆತದ ಪ್ರತಿ ಪೌಂಡೂ ಪೆಟ್ರೋಲು ತಿನ್ನುತ್ತದೆ.

ರೆಕ್ಕೆಯ ಉದ್ದಕ್ಕೂ ಹೋಗುವ ಎರಡು ತೊಲೆಗಳು ಸ್ಪಾರ್‌ಗಳು, ಸ್ಪ್ರೂಸ್ ಮರದವು. ಅವುಗಳಿಗೆ ಅಡ್ಡಲಾಗಿ ಪಕ್ಕೆಲುಬುಗಳ ಸಾಲು, 11 ಇಂಚಿಗೆ ಒಂದರಂತೆ, ಆ ಕಾಲದ ರೂಢಿಗಿಂತ ಒತ್ತಾಗಿ. ರೆಕ್ಕೆಯ ಮೇಲ್ಮೈಗೆ ಆಕಾರ ಕೊಡುವುದು ಪಕ್ಕೆಲುಬು. ಎರಡು ಪಕ್ಕೆಲುಬುಗಳ ನಡುವೆ ಬಟ್ಟೆ ಎಷ್ಟೇ ಬಿಗಿದಿದ್ದರೂ ಗಾಳಿಯ ಸೆಳೆತಕ್ಕೆ ಉಬ್ಬುತ್ತದೆ ಅಥವಾ ಕುಗ್ಗುತ್ತದೆ, ಆಗ ಲೆಕ್ಕ ಹಾಕಿದ ಕ್ಲಾರ್ಕ್-ವೈ ಎಂಬ ರೆಕ್ಕೆಯ ಅಡ್ಡಕೊಯ್ತದ ಆಕಾರ ಕಾಗದದಲ್ಲೇ ಉಳಿಯುತ್ತದೆ. ಪಕ್ಕೆಲುಬು ಒತ್ತೊತ್ತಾಗಿದ್ದಷ್ಟೂ ಆಕಾರ ನಿಜಕ್ಕೆ ಹತ್ತಿರ. ಸೆಳೆತ ಅತಿ ಹೆಚ್ಚಿರುವ ಮುಂಚೂಣಿ ಅಂಚಿಗೆ ಬಟ್ಟೆ ಸಾಲದೆಂದು ಮೇಲೂ ಕೆಳಗೂ ತೆಳು ಪ್ಲೈವುಡ್ ಹೊದಿಸಿದ್ದಾರೆ. ಬೆತ್ತಲೆ ರೆಕ್ಕೆಯ ಚಿತ್ರದಲ್ಲಿ ಈ ಪ್ಲೈವುಡ್ ಮುಂಚೂಣಿಯುದ್ದಕ್ಕೂ ಪಟ್ಟಿಯಾಗಿ ಕಾಣುತ್ತದೆ, ಹೊದಿಸಿದ ಮೇಲೆ ಮಾಯ.

ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆಯ ಹಿಂಬದಿಯ ಚಲಿಸುವ ಪಟ್ಟಿಗಳಾದ ಐಲೆರಾನ್‌ಗಳು ರೆಕ್ಕೆಯ ತೀರಾ ತುದಿಯಲ್ಲಿಲ್ಲ, ಒಳಕ್ಕೆ ಸರಿದಿವೆ. ಉದ್ದ ರೆಕ್ಕೆಯ ತುದಿಯಲ್ಲಿ ಬಲ ಬಿದ್ದರೆ ಸ್ಪಾರ್ ಬಾಗುವುದು ಹೆಚ್ಚು. ಒಳಗಿದ್ದರೆ ಆ ಭಾರ ಇಳಿಯುತ್ತದೆ, ವಿಮಾನ ವಾಲುವುದು ಮಾತ್ರ ಸ್ವಲ್ಪ ನಿಧಾನ. ಸಮುದ್ರದ ಮೇಲೆ ನೆಟ್ಟಗೆ ಹಾರುವವನಿಗೆ ಅದರಿಂದ ನಷ್ಟವಿಲ್ಲ.

ರೆಕ್ಕೆಯನ್ನು ಕೆಳಗಿನಿಂದ ಹಿಡಿದಿರುವ ಸ್ಟ್ರಟ್ಟುಗಳು ದುಂಡು ಉಕ್ಕಿನ ಕೊಳವೆಗಳು. ದುಂಡು ಕೊಳವೆ ಗಾಳಿಯಲ್ಲಿ ಬಹಳ ಎಳೆತ ಕೊಡುತ್ತದೆ, ಅಷ್ಟೇ ದಪ್ಪದ ನೀರಹನಿಯಾಕಾರದ ಕಂಬಕ್ಕೆ ಹೋಲಿಸಿದರೆ ಹಲವು ಪಟ್ಟು. ಹೊಸ ಆಕಾರದ ಕೊಳವೆ ತರಿಸಲು ಸಮಯವೆಲ್ಲಿ? ಬಾಲ್ಸಾ ಮರವನ್ನು ನೀರಹನಿಯಾಕಾರಕ್ಕೆ ಕೆತ್ತಿ ಕೊಳವೆಗೆ ಕೂಡಿಸಿದರು. ಹೊದಿಕೆಯಾದ ನಂತರದ ಚಿತ್ರ ಮಾತ್ರ ನೋಡಿದವರು ಸ್ಟ್ರಟ್ಟು ದಪ್ಪನೆಯ ಉಕ್ಕಿನದೆಂದು ತಪ್ಪು ಲೆಕ್ಕ ಹಾಕುವ ಸಂಭವ ಇಲ್ಲಿದೆ.

ಬದಲಾಗದ ಬಾಲ

ರೆಕ್ಕೆ ದೊಡ್ಡದಾದರೆ ಬಾಲವೂ ದೊಡ್ಡದಾಗಬೇಕು, ಇದು ಎಲ್ಲ ವಿನ್ಯಾಸಕಾರರಿಗೂ ಗೊತ್ತು. ಹಾಲ್‌ಗೂ ಗೊತ್ತಿತ್ತು. ಆದರೂ ಎಂ-2 ಬಾಲವನ್ನೇ ಉಳಿಸಿಕೊಂಡರು. ಹೊಸ ಬಾಲ ಎಂದರೆ ಹೊಸ ಲೆಕ್ಕ, ಹೊಸ ಜಿಗ್ಗು, ಇನ್ನಷ್ಟು ದಿನ, ಇನ್ನಷ್ಟು ತೂಕ ಮತ್ತು ಎಳೆತ. ಪರಿಣಾಮ, ವಿಮಾನಕ್ಕೆ ಸ್ಥಿರತೆ ಕಡಿಮೆ. ಕೈಬಿಟ್ಟರೆ ಮೂತಿ ಮೇಲಕ್ಕೋ ಕೆಳಕ್ಕೋ ಅಲೆಯುತ್ತದೆ. ಲಿಂಡ್‌ಬರ್ಗ್ ಇದನ್ನು ತಿಳಿದೇ ಒಪ್ಪಿದರು, ಅವರಿಗೆ ಬೇಕಿದ್ದದ್ದು ದೂರ. ಈ ಅಸ್ಥಿರತೆಯೇ ದಾರಿಯುದ್ದಕ್ಕೂ ಅವರನ್ನು ಎಚ್ಚರವಾಗಿಟ್ಟಿತು ಎಂದು ಹೇಳುವುದುಂಟು. ಮಾತೇನೋ ಚೆನ್ನಾಗಿದೆ, ಆದರೆ ಅದನ್ನು ವಿನ್ಯಾಸದ ಉದ್ದೇಶವೆಂದು ಯಾರೂ ತಿಳಿಯಬಾರದು. ಗಡುವಿನ ಒತ್ತಡದಲ್ಲಿ ಮಾಡಿದ ಹೊಂದಾಣಿಕೆ ಅದು.

ಚಕ್ರಗಳ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಹಗುರವಾದ ಎಂ-2 ಚಕ್ರಜೋಡಣೆ ಎರಡೂ ಕಾಲು ಟನ್ ಹೊತ್ತು ಹುಲ್ಲುನೆಲದಲ್ಲಿ ಓಡಲಾರದು. ಹೊಸದಾಗಿ, ಬಹಳ ಅಗಲವಾಗಿ, ಎರಡು ಚಕ್ರಗಳ ನಡುವೆ ಸುಮಾರು 8 ಅಡಿ 9 ಇಂಚು ಅಂತರವಿರುವಂತೆ ಮಾಡಿದರು. ಧಕ್ಕೆ ತಡೆಯಲು ಕೊಳವೆಯೊಳಗೆ ಕೊಳವೆ ಜಾರುವ ವ್ಯವಸ್ಥೆ, ಅದನ್ನು ಹಿಡಿದಿಡಲು ರಬ್ಬರ್ ಕಟ್ಟುಗಳು. ತಂತಿ ಕಡ್ಡಿಯ ಚಕ್ರಗಳಿಗೂ ಬಟ್ಟೆ ಹೊದಿಸಿದ್ದಾರೆ, ಎಳೆತ ಕಡಿಮೆಯಾಗಲೆಂದು.

ಹೊದಿಕೆ, ಆಮೇಲೆ ಹೊರಸಾಗಣೆ

ಒಡಲಿಗೂ ರೆಕ್ಕೆಗೂ ಹತ್ತಿ ಬಟ್ಟೆ ಹೊಲಿದು ಹೊದಿಸಿ, ಮೇಲೆ ಡೋಪ್ ಬಳಿಯುತ್ತಾರೆ. ಸೆಲ್ಯುಲೋಸಿನಿಂದ ಮಾಡಿದ ಈ ದ್ರಾವಣ ಒಣಗುತ್ತ ಬಟ್ಟೆಯನ್ನು ಕುಗ್ಗಿಸಿ ಡೋಲಿನ ಚರ್ಮದಷ್ಟು ಬಿಗಿ ಮಾಡುತ್ತದೆ. ಕೊನೆಯ ಲೇಪಗಳಲ್ಲಿ ಅಲ್ಯೂಮಿನಿಯಂ ಪುಡಿ ಬೆರೆಸುವುದು ಅಂದಕ್ಕಷ್ಟೇ ಅಲ್ಲ, ಬಿಸಿಲಿನ ನೇರಳಾತೀತ ಕಿರಣ ಹತ್ತಿಯ ನೂಲನ್ನು ತಿನ್ನದಂತೆ ತಡೆಯಲು. ಗಾಳಿಯಲ್ಲಿ ತೇವ ಹೆಚ್ಚಿದ್ದ ದಿನ ಡೋಪ್ ಬಳಿದರೆ ಬಿಳಿ ಮಬ್ಬು ಕಟ್ಟುತ್ತದೆ, ಆ ಜಾಗದ ಬಲವೂ ಕಡಿಮೆ. ಕಡಲಂಚಿನ ಕಾರ್ಖಾನೆಯಲ್ಲಿ ಇದನ್ನು ಗಮನಿಸಲೇಬೇಕು. ರಾಯನ್ ಕಾರ್ಖಾನೆ ಇದ್ದದ್ದು ಜ್ಯೂನಿಪರ್ ಬೀದಿಯ ಬುಡದಲ್ಲಿ, ಮೊದಲು ಮೀನು ಡಬ್ಬಿ ಮಾಡುತ್ತಿದ್ದ ಕಟ್ಟಡದಲ್ಲಿ.

ಈ ಕಟ್ಟಡದಿಂದಾಗಿಯೇ ಇಡೀ ಸರಣಿಯ ಅತ್ಯಂತ ಪ್ರಸಿದ್ಧ ಚಿತ್ರ ಹುಟ್ಟಿತು. ಕೆಳಗೆ ಜಾಗ ಸಾಲದೆ ರೆಕ್ಕೆಯನ್ನು ಮೇಲಿನ ಮಹಡಿಯಲ್ಲಿ ಕಟ್ಟಿದ್ದರು. 46 ಅಡಿಯ ಒಂದೇ ತುಂಡು ಮೆಟ್ಟಿಲಲ್ಲಿ ಇಳಿಯುವುದಿಲ್ಲ. ಕಟ್ಟಡದ ಪಕ್ಕದ ಹಳಿಯ ಮೇಲೆ ಗೂಡ್ಸ್ ಡಬ್ಬಿಯೊಂದನ್ನು ತಂದು ನಿಲ್ಲಿಸಿ, ರೆಕ್ಕೆಯನ್ನು ಮಹಡಿಯ ಬಾಗಿಲಿನಿಂದ ವಾಲಿಸಿ ಡಬ್ಬಿಯ ಚಾವಣಿಗೆ ಜಾರಿಸಿ, ಅಲ್ಲಿಂದ ಕ್ರೇನಿನಲ್ಲಿ ಕೆಳಗಿಳಿಸಿದರು. ಕೆಳಗೆ ಒಡಲಿಗೂ ಅದೇ ಪಾಡು: ಅಗಲ ಮಾಡಿದ ಚಕ್ರಜೋಡಣೆ ಬಾಗಿಲಿಗೆ ಹಿಡಿಯದೆ ಅದರ ಭಾಗ ಬಿಚ್ಚಿ ಹೊರತೆಗೆಯಬೇಕಾಯಿತು. ಈ ಚಿತ್ರಗಳನ್ನು ತಮಾಷೆಯಾಗಿ ನೋಡುವುದೇ ರೂಢಿ. ಅಳತೆ ಹುಡುಕುವವರಿಗೆ ಮಾತ್ರ ಅವು ಬಂಗಾರ, ಏಕೆಂದರೆ ಇಡೀ ರೆಕ್ಕೆ ಒಡಲಿನಿಂದ ಬೇರೆಯಾಗಿ, ಬಯಲು ಬೆಳಕಿನಲ್ಲಿ, ಅಂಚಿನಿಂದ ಅಂಚಿಗೆ ಸಿಗುವುದು ಇಲ್ಲಿಯೇ.

ಮೊದಲ ಹಾರಾಟ ನಡೆದದ್ದು ಏಪ್ರಿಲ್ 28ರಂದು, ಡಚ್ ಫ್ಲ್ಯಾಟ್ಸ್ ಬಯಲಿನಲ್ಲಿ. ನಂತರದ ಪರೀಕ್ಷೆಗಳಲ್ಲಿ ಹಗುರ ಹೊರೆಯೊಂದಿಗೆ ಗಂಟೆಗೆ 129 ಮೈಲಿ ವೇಗ ಸಿಕ್ಕಿತು. ಸ್ಯಾನ್ ಡಿಯಾಗೋ ಬಳಿಯ ಕ್ಯಾಂಪ್ ಕಿಯರ್ನಿಯಲ್ಲಿ ಪೆಟ್ರೋಲನ್ನು ಹಂತಹಂತವಾಗಿ ಹೆಚ್ಚಿಸಿ ಸುಮಾರು 300 ಗ್ಯಾಲನ್‌ವರೆಗೆ ಮೇಲೇರಿಸಿದರು, ಅಲ್ಲಿಗೆ ನಿಲ್ಲಿಸಿದರು. ನೆಲದ ಕಲ್ಲುಗಳ ಮೇಲೆ ತುಂಬು ಹೊರೆಯಲ್ಲಿ ಇಳಿದು ಟೈರು ಒಡೆದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಆದ್ದರಿಂದ 450 ಗ್ಯಾಲನ್ ಹೊತ್ತು ಈ ವಿಮಾನ ಮೊದಲ ಸಲ ಎದ್ದದ್ದು ನ್ಯೂಯಾರ್ಕಿನ ರೂಸ್‌ವೆಲ್ಟ್ ಫೀಲ್ಡಿನ ಕೆಸರಿನಿಂದಲೇ, ಟೆಲಿಫೋನ್ ತಂತಿಗಳಿಗಿಂತ ಸುಮಾರು 20 ಅಡಿ ಮೇಲೆ. ಲೆಕ್ಕದ ಪ್ರಕಾರ ಅದು ಹೋಗಬಲ್ಲ ದೂರ 4,000 ಮೈಲಿಗೂ ಮೇಲೆ. ಪ್ಯಾರಿಸ್ಸಿನಲ್ಲಿ ಇಳಿದಾಗ ಟ್ಯಾಂಕಿನಲ್ಲಿ 85 ಗ್ಯಾಲನ್ ಉಳಿದಿತ್ತು. ಗಂಟೆಗೆ ಸರಾಸರಿ 11 ಗ್ಯಾಲನ್ನಿನಷ್ಟು, ಸುಮಾರು 41 ಲೀಟರ್ ಖರ್ಚು.

ಚಿತ್ರದಿಂದ ಅಳತೆ ತೆಗೆಯುವಾಗ

ಹಳೆಯ ಚಿತ್ರದಿಂದ ಅಳತೆ ಪಡೆಯುವ ಮೂಲ ಉಪಾಯ ಸರಳ: ಗೊತ್ತಿರುವ ಒಂದು ಅಳತೆ ಹಿಡಿದು ಗೊತ್ತಿಲ್ಲದ್ದನ್ನು ಅಳೆಯುವುದು. ಪಕ್ಕೆಲುಬುಗಳ ಅಂತರ 11 ಇಂಚು, ರೆಕ್ಕೆಯ ಅಗಲ 7 ಅಡಿ, ಚಕ್ರದ ಹೊರವ್ಯಾಸ 30 ಇಂಚು. ಚಿತ್ರದಲ್ಲಿ ಪಕ್ಕೆಲುಬುಗಳ ನಡುವಿನ ಅಂತರ 6 ಮಿಲಿಮೀಟರ್ ಇದ್ದು, ಪಕ್ಕದ ಪ್ಲೈವುಡ್ ಪಟ್ಟಿ 3 ಮಿಲಿಮೀಟರ್ ಇದ್ದರೆ ಪಟ್ಟಿ ಐದೂವರೆ ಇಂಚು ಎನ್ನಲು ಮನಸ್ಸಾಗುತ್ತದೆ. ಅಲ್ಲಿಯೇ ತಪ್ಪಾಗುವುದು. ಪಕ್ಕೆಲುಬಿನ ಅಂತರ ರೆಕ್ಕೆಯ ಉದ್ದದ ದಿಕ್ಕಿನದು, ಪಟ್ಟಿಯ ಅಗಲ ಅದಕ್ಕೆ ಅಡ್ಡ ದಿಕ್ಕಿನದು. ಕ್ಯಾಮೆರಾ ಓರೆಯಾಗಿ ನೋಡಿದ್ದರೆ ಎರಡು ದಿಕ್ಕುಗಳೂ ಬೇರೆಬೇರೆ ಪ್ರಮಾಣದಲ್ಲಿ ಕುಗ್ಗಿರುತ್ತವೆ. ಒಂದೇ ಸಮತಲದಲ್ಲಿರುವ, ಒಂದೇ ದಿಕ್ಕಿನ, ಕ್ಯಾಮೆರಾದಿಂದ ಒಂದೇ ದೂರದ ವಸ್ತುಗಳನ್ನು ಮಾತ್ರ ನೇರವಾಗಿ ಹೋಲಿಸಬಹುದು. ಉಳಿದದ್ದಕ್ಕೆ ಸಮಾನಾಂತರ ಗೆರೆಗಳನ್ನು ಮುಂದುವರಿಸಿ ಅವು ಕೂಡುವ ಬಿಂದು ಕಂಡುಕೊಂಡು, ಕುಗ್ಗುವಿಕೆಯನ್ನು ತಿದ್ದಬೇಕು. ಪಕ್ಕೆಲುಬುಗಳ ಸಾಲು ಈ ಕೆಲಸಕ್ಕೆ ಒದಗಿಬರುವಷ್ಟು ಬೇರೇನೂ ಬರುವುದಿಲ್ಲ: ನಿಜದಲ್ಲಿ ಸಮ ಅಂತರದಲ್ಲಿರುವ ಗೆರೆಗಳು ಚಿತ್ರದಲ್ಲಿ ಎಷ್ಟು ಬೇಗ ಹತ್ತಿರವಾಗುತ್ತವೆ ಎಂಬುದೇ ಓರೆಯ ಅಳತೆ. ಚಿತ್ರದ ಅಂಚಿನ ಭಾಗವನ್ನು ನಂಬಬಾರದು, ಲೆನ್ಸು ಅಲ್ಲಿ ನೇರ ಗೆರೆಯನ್ನೂ ಬಾಗಿಸುತ್ತದೆ.

ಬಣ್ಣದ ವಿಷಯ ಇನ್ನೂ ಮೋಸದ್ದು. ಆ ಕಾಲದ ಸಾಮಾನ್ಯ ಫಿಲ್ಮು ಕೆಂಪಿಗೆ ಕುರುಡು, ನೀಲಿಗೆ ಅತಿ ಸೂಕ್ಷ್ಮ. ಕೆಂಪು ಪ್ರೈಮರ್ ಕಪ್ಪಾಗಿಯೂ ಹಳದಿ ನಿಜಕ್ಕಿಂತ ಗಾಢವಾಗಿಯೂ ನೀಲಿ ಬೆಳ್ಳಗೂ ಬರುತ್ತವೆ. ಚೌಕಟ್ಟು ಕಪ್ಪಾಗಿ ಕಂಡಿತೆಂದು ಪ್ರತಿಕೃತಿಗೆ ಕಪ್ಪು ಬಳಿಯುವುದು ಸಲ್ಲ. ಹೊಳಪಿನ ಮಾಹಿತಿಯನ್ನು ಮಾತ್ರ ಚಿತ್ರ ಚೆನ್ನಾಗಿ ಕೊಡುತ್ತದೆ: ಮೂತಿಯ ತಗಡಿನ ಮೇಲೆ ಸಾಲಾಗಿ ಉಜ್ಜಿ ಮೂಡಿಸಿದ ಸುಳಿಗಳು ಹತ್ತಿರದ ಚಿತ್ರದಲ್ಲಿ ಒಂದೊಂದಾಗಿ ಕಾಣುತ್ತವೆ. ಇವತ್ತು ಮ್ಯೂಸಿಯಮ್ಮಿನಲ್ಲಿ ಆ ಮೂತಿ ಚಿನ್ನದ ಬಣ್ಣಕ್ಕಿದೆ. ಅದು ಮೂಲದ್ದಲ್ಲ, ತಗಡು ಕೆಡದಿರಲೆಂದು ನಂತರ ಹಚ್ಚಿದ ಪಾರದರ್ಶಕ ಲೇಪ ವರ್ಷಗಳಲ್ಲಿ ಹಳದಿಯಾದದ್ದು. 1927ರ ಚಿತ್ರಗಳಲ್ಲಿ ಅದು ಬರಿಯ ಅಲ್ಯೂಮಿನಿಯಂ.

ಕೊನೆಗೆ, ಚಿತ್ರ ಯಾವ ಹಂತದ್ದೆಂದು ಗೊತ್ತು ಮಾಡದೆ ಅದನ್ನು ಸಾಕ್ಷಿಯಾಗಿ ಬಳಸಬಾರದು. ಇದಕ್ಕೆ ವಿಮಾನವೇ ಗುರುತು ಕೊಡುತ್ತದೆ. ಮೂತಿಯ ಮೇಲೆ ದೇಶಗಳ ಬಾವುಟಗಳಿದ್ದರೆ ಅದು 1927ರ ಕೊನೆಯಲ್ಲಿ ಶುರುವಾದ ಲ್ಯಾಟಿನ್ ಅಮೆರಿಕದ ಪ್ರವಾಸದ ನಂತರದ್ದು. ಪ್ರೊಪೆಲ್ಲರಿನ ನಡುವೆ ಕೂರುವ ಚೂಪು ಟೊಪ್ಪಿಯನ್ನೂ ನೋಡಬೇಕು: ರಾಯನ್ ಕಾರ್ಖಾನೆಯಲ್ಲಿ ಮಾಡಿ ಒಳಬದಿಗೆ ಕೆಲಸಗಾರರು ಹೆಸರು ಬರೆದಿದ್ದ ಮೊದಲ ಟೊಪ್ಪಿ ಬಿರುಕು ಬಿಟ್ಟಿತು, ಪ್ಯಾರಿಸ್ಸಿಗೆ ಹೋದದ್ದು ನ್ಯೂಯಾರ್ಕಿನಲ್ಲಿ ಹೊಸದಾಗಿ ಮಾಡಿಸಿ ಹಾಕಿದ್ದು. ಸ್ಯಾನ್ ಡಿಯಾಗೋದ ಚಿತ್ರಗಳಲ್ಲಿರುವ ಟೊಪ್ಪಿಯ ಅಳತೆ ತೆಗೆದು ಪ್ಯಾರಿಸ್ ಹಾರಾಟದ ಪ್ರತಿಕೃತಿಗೆ ಹಾಕಿದರೆ ಅದು ತಪ್ಪು ಟೊಪ್ಪಿ.